ಕ್ಯಾಸಲ್‌ರಾಕ್ ಘಾಟು, ನಮ್ಮ ಕಬ್ಬಿನ ಟ್ರೇಲರು

ಕಬ್ಬು ಕಳಿಸಿದ ಮ್ಯಾಲೆ ನಾಲ್ಕು ಮಂದಿ ರೊಟ್ಟಿ ಬುತ್ತಿ, ತಾಡಪತ್ರಿ ಕಟ್ಟಿಕೊಂಡು ಲೋಂಡಾ, ತಿನೈಘಾಟ್ ದಾಟಿ ಕಾಡಿನ ಸಣ್ಣ ರಸ್ತೆ ಹಿಡಿದು ಕ್ಯಾಸಲ್‌ರಾಕ್ ಮುಟ್ಟಿದ್ವಿ. ಮಲಗಿದ್ದು ಪರಿಚಯದವರ ಅಂಗಳದಾಗ. ಕಾಡಿನ್ಯಾಗ ಡೇರೆ ಹಾಕಬಾರದು, ದೂಧಸಾಗರಕ್ಕ ಹಳಿ ಮ್ಯಾಲೆ ನಡೀಲೂಬಾರದು.

ಮಂದಿ ಫಾಲ್ಸ್ ನೋಡಾಕ ಹೋಗ್ತಾರ, ನಾನು ನೋಡಿದ್ದು ಬ್ರೇಕ್. ಅಲ್ಲಿಂದ ಕುಳೆಂ ತನಕ ಸುಮಾರು 26 ಕಿ.ಮೀ. ಇಳಿಜಾರು, 37 ಅಡಿಗೆ 1 ಅಡಿ ಇಳಿತೈತಿ. ಪೋರ್ಚುಗೀಸರ ಕಾಲದ ದಾರಿ. ಗೂಡ್ಸ್ ಗಾಡಿಗೆ ಮುಂದೂ ಎಂಜಿನ್, ಹಿಂದೂ ಎಂಜಿನ್. ಇಳಿಯೂ ಮೊದಲ ಬ್ರೇಕ್ ಪರೀಕ್ಷೆ. ಒಂದೊಂದು ಡಬ್ಬಿಗೂ ಬ್ರೇಕ್ ಐತಿ. ಪೈಪ್ ಹರಿದು ಗಾಳಿ ಹೋದ್ರ ಅದು ತಾನಾಗೇ ಹಿಡಿತೈತಿ.

ನಮ್ಮದು? ಒಂದು ಟ್ರ್ಯಾಕ್ಟರ್, ಹಿಂದ ಎರಡು ಟ್ರೇಲರ್, ಬ್ರೇಕ್ ಎಲ್ಲಾ ಟ್ರ್ಯಾಕ್ಟರಿಗಷ್ಟ. ಹೋದ ಸೀಸನ್ನಿನಾಗ ನಮ್ಮ ಕಡೆ ಇಳಿಜಾರಿನಾಗ ಲೋಡು ಹಿಂದಿಂದ ನೂಕಿ ಟ್ರ್ಯಾಕ್ಟರ್ ಮಗ್ಗಲಾತು. ಇಪ್ಪತ್ತೆರಡರ ಹುಡುಗನ ಕಾಲು ಹೋತು. ಬಾಡಿಗೆ ಮಾತ್ರ ಟನ್ನಿನ ಲೆಕ್ಕಾನ, ಹಿಂಗಾಗಿ ಯಾರೂ ಕಡಿಮಿ ಹೇರೂದಿಲ್ಲ.

ಈ ಸಲ ನನ್ನ ಕಬ್ಬು ಒಂದೇ ಟ್ರೇಲರಿನಾಗ ಹೋಗ್ತೈತಿ. ತಡ ಆದ್ರ ತೂಕ ಇಳಿತೈತಿ, ಗೊತ್ತೈತಿ. ಟ್ರೇಲರಿಗೆ ಬ್ರೇಕ್ ಕೂಡಿಸಿದವರು ಯಾರರ ಇದ್ರ ಖರ್ಚು ಎಷ್ಟು ಬಂತು ಬರೀರಿ.