ನಮ್ಮದು ರಾಜಾಜಿನಗರ

"ಯಾವ ಏರಿಯಾ ನಿಮ್ಮದು?" ಅಂತ ಯಾರಾದರೂ ಕೇಳಿದರೆ ಅಮ್ಮ ಈಗಲೂ "ನಮ್ಮದು ರಾಜಾಜಿನಗರ" ಅಂತಾಳೆ. ಕೆಂಗೇರಿ ಉಪನಗರಕ್ಕೆ ಬಂದು ಹತ್ತು ವರ್ಷದ ಮೇಲಾಯ್ತು.

ರಾಜಾಜಿನಗರದಲ್ಲಿ ನಾವಿದ್ದದ್ದು ವಠಾರದಲ್ಲಿ. ಕಾರ್ಖಾನೆಗಳ ಜೊತೆಗೇ ಬೆಳೆದ ಬಡಾವಣೆ ಅದು. ಅಪ್ಪನ ಶಿಫ್ಟಿಗೆ ತಕ್ಕಂತೆ ನಮ್ಮ ಅಡುಗೆ, ಜ್ವರ ಬಂದರೆ ಇಎಸ್‌ಐ ಆಸ್ಪತ್ರೆ, ಸಿನಿಮಾಗೆ ನವರಂಗ್. ಪಕ್ಕದ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋದೂ ನಮಗೆ ಲೆಕ್ಕ.

ಆಮೇಲೆ ಬಸವೇಶ್ವರನಗರ. ಮರಗಳು, ನಿಶ್ಶಬ್ದ, ಮನೆ ಮುಂದೆ ದೊಡ್ಡ ರಂಗೋಲಿ. ಮನೆ ನೋಡಲು ಹೋದಾಗ ಓನರ್ ಮೊದಲು ಕೇಳಿದ್ದು ಅಡ್ವಾನ್ಸ್ ಬಗ್ಗೆ ಅಲ್ಲ, "ನೀವು ಯಾವ ಜನ?" ಅಂತ. ಅಪ್ಪ ಉತ್ತರ ಕೊಟ್ಟರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಎರಡು ವರ್ಷ ಇದ್ದೆವು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ.

ವಿಜಯನಗರದಲ್ಲಿ ಯಾರೂ ಏನೂ ಕೇಳಲಿಲ್ಲ. ಮಾರುತಿ ಮಂದಿರದ ಬಸ್‌ಸ್ಟಾಪು, ಬಟ್ಟೆ ಅಂಗಡಿ, ಗದ್ದಲ, ರಾತ್ರಿಯೂ ಸಿಗುವ ಬಿಸಿ ದೋಸೆ. ನಾನು ಓದಿ ಕೆಲಸ ಹಿಡಿದದ್ದು ಹಂಪಿನಗರದ ಲೈಬ್ರರಿಯಲ್ಲಿ ಕೂತು. ಮೆಟ್ರೋ ಕಂಬಗಳು ಏಳುತ್ತಿದ್ದ ಹಾಗೇ ಬಾಡಿಗೆಯೂ ಎದ್ದಿತು. 2015ರ ನವೆಂಬರ್‌ನಲ್ಲಿ ಅಲ್ಲಿ ರೈಲು ಓಡುವ ಹೊತ್ತಿಗೆ ನಾವು ಕೆಂಗೇರಿ ಸೇರಿದ್ದೆವು. ಸ್ವಂತದ್ದು, 20-30 ಸೈಟಿನಲ್ಲಿ ಎರಡು ರೂಮು. ಮೈಸೂರು ರಸ್ತೆಯಲ್ಲಿ ವೃಷಭಾವತಿಯ ವಾಸನೆ ಮೂಗಿಗೆ ಬಡಿದರೆ ಮನೆ ಹತ್ತಿರ ಬಂತು ಅಂತ ಅರ್ಥ.

ಅಪ್ಪ ಹೋದ ಮೇಲೆ ನಾನು ವೈಟ್‌ಫೀಲ್ಡ್‌ನಲ್ಲಿ ಫ್ಲ್ಯಾಟ್ ನೋಡಿದೆ. ಲಿಫ್ಟು, ಪವರ್ ಬ್ಯಾಕಪ್, ಆಫೀಸು ಹತ್ತು ನಿಮಿಷ. ಅಮ್ಮನಿಗೆ ತೋರಿಸೋಣ ಅಂತ ಮೆಟ್ರೋದಲ್ಲಿ ಕರೆದುಕೊಂಡು ಹೋದೆ. 2023ರ ಅಕ್ಟೋಬರ್‌ನಿಂದ ಒಂದೇ ರೈಲು ಈ ತುದಿಯಿಂದ ಆ ತುದಿಗೆ ಹೋಗುತ್ತಲ್ಲ. ವಿಜಯನಗರ ಬಂದಾಗ ಕಿಟಕಿಗೆ ಮುಖ ಒತ್ತಿ ನೋಡಿದಳು, ಆಮೇಲೆ ಕಣ್ಣು ಮುಚ್ಚಿ ಕೂತಳು.

ಫ್ಲ್ಯಾಟ್ ಚೆನ್ನಾಗಿದೆ ಅಂದಳು. ವಾಪಸ್ ಬರುವಾಗ ಮೆಲ್ಲಗೆ ಹೇಳಿದಳು: "ರಾಜಾಜಿನಗರದಲ್ಲಿ ನಿಮ್ಮಪ್ಪನ ಹೆಸರು ಹೇಳಿದ್ರೆ ಮನೆ ತೋರಿಸ್ತಿದ್ರು. ಕೆಂಗೇರೀಲಿ ತರಕಾರಿಯವಳು ನನ್ನ ಗುರುತು ಹಿಡಿಯೋಕೇ ಹತ್ತು ವರ್ಷ ಬೇಕಾಯ್ತು. ಅಲ್ಲಿ ಕಳೆಯೋಕೆ ಇನ್ನೊಂದು ಹತ್ತು ವರ್ಷ ನನ್ನ ಹತ್ರ ಎಲ್ಲಿದೆಯೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೋಕರ್‌ಗೆ ಫೋನ್ ಮಾಡಿ ಬೇಡ ಅಂದೆ.

ಈಗ ಆಫೀಸಿಗೆ ಒಂದು ಗಂಟೆಗೂ ಮೇಲೆ ಪ್ರಯಾಣ. ಕೆಂಗೇರಿಯಲ್ಲಿ ಹತ್ತಿದರೆ ಸೀಟಂತೂ ಸಿಗುತ್ತೆ.