ಎರಡು ನಡುಗಡ್ಡೆಗಳನ್ನು ಕಂಡು

ರಾಯಚೂರು
ಸೆಪ್ಟೆಂಬರ್ 1996

ಅಣ್ಣನವರಿಗೆ,

ಮಹಾಗಾಂವ ಕ್ರಾಸಿನಲ್ಲಿ ನೀವು ನನ್ನನ್ನು ಬಸ್ಸು ಹತ್ತಿಸಿ, ವೈನಿಯವರು ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನ ಮೇಲೆ ಕಮಲಾಪುರದ ಕೆಂಪು ಬಾಳೆಯ ಚಿಪ್ಪೊಂದನ್ನಿರಿಸಿ ಬೀಳ್ಕೊಟ್ಟು ಇಂದಿಗೆ ಎಂಟು ದಿನಗಳಾದುವು. ಕೃಷ್ಣೆಯ ನಡುಗಡ್ಡೆಗಳನ್ನು ಕಣ್ಣಾರೆ ಕಾಣಬೇಕೆಂಬ ನನ್ನ ಬಹುಕಾಲದ ಹಟ ಈಗ ತೀರಿತು.

ಒಂದು, ನಮ್ಮದೇ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಕ್ಕೇರಾ ಕಡೆಗಿರುವ ನೀಲಕಂಠರಾಯನಗಡ್ಡೆ. ಇನ್ನೊಂದು, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ಗಾಣಗಾಪುರಕ್ಕೆ ಹೋಗಿಬರುವವರೆಲ್ಲರ ಬಾಯಲ್ಲಿರುವ, ರಾಯಚೂರು ತಾಲ್ಲೂಕಿನ ಕುರುವಪುರ. ಹೊಳೆ ಒಂದೇ, ಸೇತುವೆ ಎರಡಕ್ಕೂ ಇಲ್ಲ, ಆದರೂ ಎರಡರ ಪಾಡು ಒಂದಲ್ಲ. ಪ್ರಶಾಂತ ಸಾಗರದ ಗುವಾಮ್, ಅಮೇರಿಕನ್ ಸಮೋವಾಗಳೆರಡೂ ಅಮೇರಿಕೆಯ ಅಧೀನದಲ್ಲಿದ್ದರೂ, 1950ರ ಶಾಸನದಿಂದ ಗುವಾಮಿನವರಿಗೆ ಪೌರತ್ವ ದೊರೆತು ಸಮೋವಾದವರಿಗೆ ಅದು ಹುಟ್ಟಿನಿಂದ ಇಂದಿಗೂ ದೊರೆಯದೆಂಬುದನ್ನು ಓದಿ ಹಿಂದೆ ಬೆರಗಾಗಿದ್ದೆನಲ್ಲವೆ? ಬೆರಗಾಗಲು ಅಷ್ಟು ದೂರ ಹೋಗಬೇಕಿರಲಿಲ್ಲ.

ಕುರುವಪುರದ ದಡದಲ್ಲಿ ಯಾತ್ರಿಕರಿಗಾಗಿ ಹರಗೋಲು ಕಾದಿರುತ್ತದೆ. ದೇವರ ದೆಸೆಯಿಂದ ಊರವರ ಸಂತೆಯ ಚೀಲಗಳೂ ದಾಟುತ್ತವೆ. ಬಾಳೆಯನ್ನು ಅಲ್ಲಿಯೇ ನೈವೇದ್ಯಕ್ಕಿತ್ತೆ. ಪ್ರಸಾದದಲ್ಲೊಂದು ಹಣ್ಣು ಅಂಬಿಗನ ಪಾಲಾಯಿತು.

ಆದರೆ ನೀಲಕಂಠರಾಯನಗಡ್ಡೆಗೆ ಪರವೂರಿನವರು ಬರುವ ಕಾರಣವೇ ಇಲ್ಲ, ಆದುದರಿಂದ ಅಲ್ಲಿ ಕಾದಿರುವ ದೋಣಿಯೂ ಇಲ್ಲ. ನಾರಾಯಣಪುರದ ಬಸವಸಾಗರದ ಗೇಟುಗಳನ್ನೆತ್ತಿದರೆಂದರೆ ಊರು ದಡದಿಂದ ಕಡಿದುಹೋಗುತ್ತದೆ. ಉಪ್ಪು ತೀರಿದರೂ, ಜ್ವರ ಬಂದರೂ, ಒಣಗಿದ ಸೋರೆಬುರುಡೆಗಳನ್ನು ನಡುವಿಗೆ ಬಿಗಿದುಕೊಂಡು ಈಜಬೇಕು. ನಾನು ಹೋದಂದು ನೀರು ಇಳಿದಿತ್ತು. ಮುದುಕಿಯೊಬ್ಬಳು ಮಜ್ಜಿಗೆಯಿತ್ತು, ತೊಲೆಗೆ ತೂಗಿದ್ದ ಬುರುಡೆಯೊಂದನ್ನಿಳಿಸಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಗಿಟ್ಟು ಆಲಿಸಿ, “ಇದು ಸೀಳ್ಯಾದ ನೋಡ್ರಿ, ನೀರ ಕುಡೀತದ” ಎಂದು ಬದಿಗಿಟ್ಟಳು. ಹೊಳೆ ತುಂಬಿದಾಗ ಹೆಂಗಸರಿಗೆ ಬ್ಯಾನಿ ಬಂದರೆ ಗತಿಯೇನೆಂದೆ. “ಹೊಳಿ ಇಳಿಯೋತನಕ ತಡಿ ಅಂದ್ರ ಕೂಸು ಕೇಳ್ತದೇನ್ರಿ?” ಎಂದು ನಕ್ಕಳು, ನನಗೆ ನಗೆ ಬರಲಿಲ್ಲ.

ಬದುಕಿನ ಮಟ್ಟವನ್ನು ರೊಟ್ಟಿ, ಸೂರುಗಳಿಂದ ಅಳೆಯುವುದಾದರೆ ಎರಡೂ ಊರುಗಳು ಹೆಚ್ಚು ಕಡಿಮೆ ಸಮಾನವೆಂದೇ ನನ್ನ ಕಣ್ಣಿಗೆ ತೋರಿತು; ಅಂತರವಿರುವುದು ಆಚೆಯ ದಡದಲ್ಲಿ ಕೂಗಿದಾಗ ಓಗೊಡುವವನೊಬ್ಬನಿರುವುದರಲ್ಲಿ.

ಈ ಸಲದ ನೆರೆಯಲ್ಲಿ ಮುದುಕಿಯ ಸೋರೆಬಳ್ಳಿ ಕೊಚ್ಚಿಹೋಗಿದೆ. ನಮ್ಮ ಹಿತ್ತಲ ಬೇಲಿಯ ಬಳ್ಳಿಯಲ್ಲಿ ದುಂಡನೆಯ ನಾಲ್ಕು ಕಾಯಿಗಳನ್ನು ಪಲ್ಯಕ್ಕೆ ಕೊಯ್ಯದೆ ಬಲಿಯಲು ಬಿಡುವಂತೆ ವೈನಿಯವರಿಗೆ ತಿಳಿಸಬೇಕು. ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.

ನಿಮ್ಮ ತಮ್ಮ