ಮೂಗಿನ ಮಟ್ಟಕ್ಕೆ ವಿಂಡ್‌ಶೀಲ್ಡ್

ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳು ಯಾಕೆ ನಿಂತಿವೆ ಎಂದು ತಿಳಿಯಬೇಕಾದರೆ ಆಷಾಢದಲ್ಲಿ ಒಮ್ಮೆ ಚಳ್ಳಕೆರೆ ಕಡೆಗೆ ಬೈಕ್ ಓಡಿಸಿ ನೋಡಿ. ಮಳೆ ಮಲೆನಾಡಿಗೆ, ಗಾಳಿ ನಮಗೆ. ಮೊಳಕಾಲ್ಮೂರಿಗೆ ಹೋಗಿ ಒಂದು ಸುದ್ದಿ ಮಾಡಿಕೊಂಡು ಬರುವಷ್ಟರಲ್ಲಿ 150 ಕಿಲೋಮೀಟರ್ ದಾಟುತ್ತದೆ. ಸುದ್ದಿಗೆ ಇಷ್ಟು ಎಂದು ದುಡ್ಡು ಸಿಗುವ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಪೆಟ್ರೋಲೂ ಅದರಲ್ಲೇ, ಬಿದ್ದರೆ ಆಸ್ಪತ್ರೆ ಬಿಲ್ಲೂ ಅದರಲ್ಲೇ.

ಎದೆಗೆ ಹೊಡೆಯುವ ಗಾಳಿ ತಡೆಯಲೆಂದು ಕಳೆದ ವರ್ಷ ಬೈಕಿಗೆ ವಿಂಡ್‌ಶೀಲ್ಡ್ ಹಾಕಿಸಿದೆ. ಯಾವ ಗಾಡಿಗಾದರೂ ಕೂರುತ್ತದೆ ಎಂದು ಮಾರುವ ಮಾಲು. ಎತ್ತರದ್ದನ್ನೇ ತಗೊಂಡೆ. ಉದ್ದ ಇದ್ದರೆ ಕೊಯ್ಯಬಹುದು, ಗಿಡ್ಡ ಇದ್ದರೆ ಬೆಸೆಯಲು ಆಗುವುದಿಲ್ಲವಲ್ಲ.

ಎತ್ತರ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ. ಹಗಲಲ್ಲಿ ಹಾಗೇ ಅನ್ನಿಸುತ್ತದೆ. ಆದರೆ ನಮ್ಮ ಕೆಲಸ ಮುಗಿಯುವುದೇ ಕತ್ತಲಾದ ಮೇಲೆ. ದೂಳು, ಸತ್ತ ಹುಳ, ಒರೆಸಿ ಒರೆಸಿ ಬಿದ್ದ ಸಣ್ಣ ಗೀರುಗಳು ಇದ್ದರೆ ಎದುರು ಗಾಡಿಯ ಬೆಳಕು ಗ್ಲಾಸಿನ ತುಂಬ ಹರಡಿಕೊಳ್ಳುತ್ತದೆ. ಹಾಕಿಸಿದ ಎರಡನೇ ವಾರವೋ ಏನೋ, ಚಳ್ಳಕೆರೆ ದಾಟಿ ದುರ್ಗದ ಕಡೆ ಬರುತ್ತಿದ್ದೆ. ಎದುರಿಗೆ ಲಾರಿ. ಗ್ಲಾಸೆಲ್ಲ ಬೆಳ್ಳಗಾಯಿತು. ಕತ್ತೆತ್ತಿ ಗ್ಲಾಸಿನ ಮೇಲಿಂದ ಇಣುಕಿದರೆ ಹತ್ತು ಮಾರು ಮುಂದೆ ಕುರಿ ಹಿಂಡು, ಅದರ ಹಿಂದೆ ಕಂಬಳಿ ಹೊದ್ದ ಅಜ್ಜ. ಪುಣ್ಯಕ್ಕೆ ಬ್ರೇಕ್ ಹಿಡಿಯಿತು. "ನಿಧಾನ್ಕೆ ಹೋಗಪ್ಪ" ಎಂದರು, ಅಷ್ಟೆ. ಮನೆ ಮುಟ್ಟುವವರೆಗೂ ಕತ್ತೆತ್ತಿಕೊಂಡೇ ಓಡಿಸಿದೆ.

ವಿಂಡ್‌ಶೀಲ್ಡ್ ಇರುವುದು ಅದರ ಮೂಲಕ ನೋಡುವುದಕ್ಕಲ್ಲ, ಮೇಲಿಂದ ನೋಡುವುದಕ್ಕೆ. ತುದಿಗೆ ಬಡಿದ ಗಾಳಿ ಅಲ್ಲಿಂದ ಮೇಲಕ್ಕೆ ಜಿಗಿಯುತ್ತದೆ. ಹಾಗಾಗಿ ತುದಿ ಮೂಗಿನ ಮಟ್ಟಕ್ಕಿದ್ದರೂ ಗಾಳಿ ಹೆಲ್ಮೆಟ್ ಮೇಲಿಂದ ಹಾದುಹೋಗಬಹುದು. ಎಲ್ಲರಿಗೂ ಒಂದೇ ಅಳತೆ ಅಲ್ಲ. ಸೀಟಿನ ಎತ್ತರ, ಬೆನ್ನಿನ ಉದ್ದ, ಗ್ಲಾಸಿನ ಓರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕೊಯ್ಯುವ ಮೊದಲು ಒಂದು ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ, ಹದವಾದ ವೇಗದಲ್ಲಿ, ಫುಟ್‌ರೆಸ್ಟ್ ಮೇಲೆ ಕಾಲೊತ್ತಿ ಎರಡು ಇಂಚು ಮೇಲೇಳಿ. ಗ್ಲಾಸು ಎರಡು ಇಂಚು ಗಿಡ್ಡ ಆದಂತೆಯೇ ಲೆಕ್ಕ. ಹೆಲ್ಮೆಟ್ ಅಲ್ಲಾಡುವುದು ಕಡಿಮೆಯಾದರೆ ಕೊಯ್ಯಿರಿ. ಹೆಚ್ಚಾದರೆ ಇನ್ನೊಮ್ಮೆ ಯೋಚಿಸಿ. ನನಗೆ ಕಡಿಮೆಯಾಯಿತು.

ಭಾನುವಾರ ಮನೆಯ ಅಂಗಳದಲ್ಲಿ ಹೆಲ್ಮೆಟ್ ಹಾಕಿ ಬೈಕ್ ಮೇಲೆ ಕೂತೆ. ಮನೆಯವಳು ಟೇಪು ಹಿಡಿದು, "ರೀ, ನೆಟ್ಟಗೆ ಕೂತ್ಕೋಬೇಡಿ, ಓಡಿಸೋವಾಗ ಹೆಂಗೆ ಗೂನು ಬೀಳ್ತೀರೋ ಹಂಗೇ ಕೂತ್ಕೊಳ್ಳಿ" ಎಂದಳು. ಅವಳು ಹೇಳಿದ್ದೇ ಸರಿ. ಅಲ್ಲೇ ಅರ್ಧ ಇಂಚು ವ್ಯತ್ಯಾಸ ಬಂತು. ಗುರುತಿನ ಮೇಲೆ ಕಪ್ಪು ಟೇಪು ಅಂಟಿಸಿ, ಕೊಯ್ಯದೆ, ಎರಡು ದಿನ ಹಾಗೇ ಓಡಾಡಿದೆ. ಮುಂದಿನ ರಸ್ತೆ ಟೇಪಿನ ಮೇಲೆ ಕಾಣುತ್ತಿತ್ತು, ಹಂಪ್ ಕೂಡ.

ಕೊಯ್ಯುವುದು ಕಷ್ಟವೇನಲ್ಲ, ಆತುರ ಬೇಡ ಅಷ್ಟೆ. ಅಕ್ರಿಲಿಕ್ ಹಾಳೆ ಬೇಗ ಸೀಳುತ್ತದೆ. ಪಾಲಿಕಾರ್ಬೊನೇಟ್ ಬಾಗುತ್ತದೆ, ಸುಲಭಕ್ಕೆ ಒಡೆಯುವುದಿಲ್ಲ. ನನ್ನದು ಎರಡನೆಯದು. ರಟ್ಟಿನಲ್ಲಿ ಅರ್ಧ ಭಾಗದ ಆಕಾರ ಕತ್ತರಿಸಿ, ಅದನ್ನೇ ಮಗುಚಿ ಇನ್ನೊಂದು ಪಕ್ಕಕ್ಕೂ ಗೆರೆ ಎಳೆದರೆ ಎರಡೂ ಕಡೆ ಒಂದೇ ಸಮ ಬರುತ್ತದೆ. ಗೆರೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪು, ಅಡಿಗೆ ಗೋಣಿಚೀಲದ ಮೆತ್ತೆ, ಗೆರೆಯ ಪಕ್ಕದಲ್ಲೇ ಬಿಗಿ ಹಿಡಿತ. ಹಾಳೆ ನಡುಗಿದರೆ ಸೀಳು ಬರುತ್ತದೆ. ಇಂಚಿಗೆ 24 ಅಥವಾ 32 ಹಲ್ಲಿನ ಹ್ಯಾಕ್ಸಾ ಬ್ಲೇಡು ಸಾಕು. ಕರೆಂಟಿನ ಗರಗಸ ಜೋರಾಗಿ ಓಡಿಸಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಹಿಂದೆಯೇ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಮರೆಯಬೇಡಿ. ಗೆರೆಗಿಂತ ತುಸು ಮೇಲೇ ಕೊಯ್ದು, ಉಳಿದದ್ದನ್ನು ಅರದಿಂದ ಉಜ್ಜಿ ಇಳಿಸಿದೆ. ಆಮೇಲೆ 120, 240, 400ರ ಕಾಗದ, ಕೊನೆಗೆ ನೀರು ಹಚ್ಚಿ 800. ಮೂಲೆಗಳನ್ನು ದುಂಡಗೆ ಮಾಡಲೇಬೇಕು, ಸೀಳು ಹುಟ್ಟುವುದೇ ಚೂಪು ಮೂಲೆಯಲ್ಲಿ. ಅಂಚು ನುಣ್ಣಗಾಗಲು ಕೊಯ್ದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಒಟ್ಟು ತೆಗೆದದ್ದು 6 ಸೆಂಟಿಮೀಟರ್, ಅದೂ ಎರಡು ಸಲಕ್ಕೆ.

ಇನ್ನೊಂದು ಮಾತು. ಗ್ಯಾರೇಜಿನ ಹುಡುಗರು ಪ್ರೀತಿಯಿಂದ ಪೆಟ್ರೋಲ್ ಬಟ್ಟೆ ತಗೊಂಡು ಗ್ಲಾಸು ಒರೆಸಲು ಬರುತ್ತಾರೆ. ಬಿಡಬೇಡಿ. ಪೆಟ್ರೋಲ್, ಥಿನ್ನರ್ ತಾಗಿದರೆ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತವೆ. ನೀರು, ಒಂದಿಷ್ಟು ಶಾಂಪೂ, ಹತ್ತಿ ಬಟ್ಟೆ ಇದ್ದರೆ ಆಯಿತು.

ಈಗ ಮಳೆ ಬಂದರೆ ನೀರು ನೇರ ಹೆಲ್ಮೆಟ್ಟಿಗೇ ಹೊಡೆಯುತ್ತದೆ, ಅದು ನಿಜ. ನಮ್ಮ ತಾಲ್ಲೂಕುಗಳಲ್ಲಿ ವರ್ಷಕ್ಕೆ ಎಷ್ಟು ದಿನ ಆ ತೊಂದರೆ ಎಂದು ನೀವೇ ಲೆಕ್ಕ ಹಾಕಿ.